ಆರನೆಯ ಆಕರ

ಕೆಲ್ಬ್ರೂಕ್, ಸಸ್ಕ್ಯಾಚೆವನ್
3 ಅಕ್ಟೋಬರ್ 1983

ಮಾನ್ಯ ಮಿಸ್ ಆಗ್ನೆಸ್ ಟಲ್ಲೊಕ್ ಅವರಿಗೆ,

ನನ್ನ ಪರಿಚಯ ತಮಗಿರಲಾರದು. ನಾನು ನೆಸ್ಟರ್ ಪಲಮಾರ್ಚುಕ್, ವಯಸ್ಸು ನಲವತ್ಮೂರು, ಕೆಲ್ಬ್ರೂಕ್ ಶಾಲೆಯ ಬಸ್ಸು ಓಡಿಸುತ್ತೇನೆ. ಚಿಕ್ಕಂದಿನಲ್ಲಿ ಓದಿದ್ದು ಊರಿಂದ ಒಂಬತ್ತು ಮೈಲಿ ಆಚೆಯ ಒಂದೇ ಕೋಣೆಯ ಶಾಲೆಯಲ್ಲಾದ್ದರಿಂದ ಕೆಲ್ಬ್ರೂಕಿನಲ್ಲಿ ಟೀಚರಾಗಿದ್ದ ತಮ್ಮ ಕೈಗೆ ಸಿಕ್ಕಿ ಬೀಳಲಿಲ್ಲ. ಸಿಕ್ಕಿದ್ದವರು ಈಗಲೂ ತಮ್ಮ ಹೆಸರು ಹೇಳಿದರೆ ನೆಟ್ಟಗೆ ಕೂರುತ್ತಾರೆ. ಅಂಚೆ ಕಚೇರಿಯಿಂದ ತಮ್ಮ ವಿಳಾಸ ಪಡೆದೆ, ಕ್ಷಮಿಸಬೇಕು.

ಈ ಸೆಪ್ಟೆಂಬರಿನಿಂದ ವಾರಕ್ಕೆರಡು ಸಂಜೆ ಕಾಲೇಜಿಗೆ ಹೋಗುತ್ತಿದ್ದೇನೆ. ಐವತ್ತು ತುಂಬುವುದರೊಳಗೆ ಮೇಷ್ಟರಾಗಬೇಕೆಂಬುದು ನನ್ನ ಹುಚ್ಚು. ಪಕ್ಕದಲ್ಲಿ ಕೂರುವ ಇಬ್ಬರು ಹುಡುಗಿಯರು ಐದು ವರ್ಷದ ಹಿಂದೆ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಗಲಾಟೆ ಮಾಡಿ ಬೈಸಿಕೊಂಡವರು. ಈಗ ಅವರ ಸರದಿ. "ನೆಸ್ಟರ್, ಹೋಂವರ್ಕ್ ಆಗಿದ್ಯಾ, ಇಲ್ಲಾ ದಾರೀಲೇ ಇಳಿಸಿಬಿಡೋದಾ?" ಎಂದು ಕೇಳುತ್ತಾರೆ.

ನಮ್ಮ ಪ್ರಾಧ್ಯಾಪಕಿ ಮಿಸೆಸ್ ಡ್ರಮಂಡ್ ಒಂದು ಸಂಶೋಧನಾ ಪ್ರಬಂಧ ಬರೆಯಬೇಕೆಂದಿದ್ದಾರೆ. ಎಂಟು ಪುಟ, ಕನಿಷ್ಠ ಆರು ಆಕರ ಮತ್ತು ಪ್ರತಿಯೊಂದಕ್ಕೂ ಅಡಿಟಿಪ್ಪಣಿ ಮತ್ತು ನವೆಂಬರಿನಲ್ಲಿ ಮೊದಲ ಕರಡು ಮತ್ತು ಡಿಸೆಂಬರಿನಲ್ಲಿ ಕೊನೆಯದು. ಇದರಲ್ಲಿ ಪಾಸಾಗದಿದ್ದರೆ ಜನವರಿಯ ತರಗತಿಗೆ ನನ್ನನ್ನು ಸೇರಿಸುವುದಿಲ್ಲ.

ನಾನು ಆರಿಸಿಕೊಂಡ ವಿಷಯ, 1932ರ ಫೆಬ್ರವರಿಯಲ್ಲಿ ನಮ್ಮೂರಿನ ಹೆಂಗಸರ ಐಸ್ ಹಾಕಿ ತಂಡ ಚಿಕಡೀಸ್, ಊರಿನ ಗಂಡಸರ ಮೇಲೆ ಆಡಿದ ಪಂದ್ಯ. 1955ರ ಸುವರ್ಣೋತ್ಸವಕ್ಕೆ ತಾವು ಬರೆದ ಊರಿನ ಚರಿತ್ರೆಯ ಪುಸ್ತಿಕೆಯಲ್ಲಿ, ಮೂವತ್ತೊಂದನೆಯ ಪುಟದಲ್ಲಿ, "ಚಿಕಡೀಸ್ ಧೀರರಾಗಿ ಆಡಿ ನಾಲ್ಕು–ಮೂರರಿಂದ ಸೋತರು" ಎಂದಿದೆ. ತಾವೇ ಆ ತಂಡದ ನಾಯಕಿ ಎಂದೂ ಇದೆ. ಆ ದಿನದ ಬಗ್ಗೆ ತಮಗೆ ನೆನಪಿರುವುದನ್ನು ಬರೆದರೆ ನನ್ನ ಪ್ರಬಂಧ ಧನ್ಯವಾಗುತ್ತದೆ.

ತಮ್ಮ ವಿಧೇಯ,
ನೆಸ್ಟರ್ ಪಲಮಾರ್ಚುಕ್


ವಿಕ್ಟೋರಿಯಾ, ಬ್ರಿಟಿಷ್ ಕೊಲಂಬಿಯಾ
14 ಅಕ್ಟೋಬರ್ 1983

ಶ್ರೀ ಪಲಮಾರ್ಚುಕ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಒಂದೇ ವಾಕ್ಯದಲ್ಲಿ ಮೂರು "ಮತ್ತು" ಬಳಸಿದ್ದೀರಿ. ಒಂದು ಸಾಕು.

ಆ ದಿನದ ಬಗ್ಗೆ ನನಗೆ ನೆನಪಿರುವುದು ಚಳಿ. ಪುಸ್ತಿಕೆಯಲ್ಲಿ ಇರುವುದಕ್ಕಿಂತ ಹೆಚ್ಚಿಗೆ ನಾನು ಹೇಳುವುದಿಲ್ಲ. ಕೆಲ್ಬ್ರೂಕಿನ ಧಾನ್ಯದ ಉಗ್ರಾಣಗಳ ಬಗ್ಗೆ ಯಾರೂ ಸರಿಯಾಗಿ ಬರೆದಿಲ್ಲ. ಅದಕ್ಕೆ ಕಾಗದಪತ್ರ ಬೇಕಾದಷ್ಟಿದೆ. ವಿಷಯ ಬದಲಿಸಲು ಇನ್ನೂ ಸಮಯವಿದೆ.

ಓದನ್ನು ಮತ್ತೆ ಹಿಡಿದದ್ದು ಒಳ್ಳೆಯದು.

ಎ. ಟಲ್ಲೊಕ್


ಕೆಲ್ಬ್ರೂಕ್
22 ಅಕ್ಟೋಬರ್ 1983

ಮಾನ್ಯ ಮಿಸ್ ಟಲ್ಲೊಕ್,

ತಮ್ಮ ಪತ್ರವನ್ನು ಬಸ್ಸಿನ ಕನ್ನಡಿಗೆ ಸಿಕ್ಕಿಸಿಕೊಂಡಿದ್ದೇನೆ. ಮಕ್ಕಳು "ಯಾರ್ದು, ಪೊಲೀಸಿನವರ್ದಾ?" ಎಂದರು. "ಅದಕ್ಕಿಂತ ದೊಡ್ಡೋರ್ದು" ಎಂದೆ.

ಉಗ್ರಾಣಗಳ ವಿಷಯ ಒಳ್ಳೆಯದೇ. ಆದರೆ ನಾನು ಹಾಕಿ ಬಿಡಲಾರೆ. ಯಾಕೆಂದು ಬರೆದರೆ ಉದ್ದವಾಗುತ್ತದೆ.

ಇಷ್ಟು ದಿನ ಆಕರಗಳನ್ನು ಹುಡುಕಿದೆ. ಕಾರ್ಡುಗಳ ಮೇಲೆ ಬರೆದು, ಬೂಟಿನ ಡಬ್ಬಿಯೊಂದರಲ್ಲಿ ಜೋಡಿಸುತ್ತಿದ್ದೇನೆ. ಒಂದು, ತಮ್ಮ ಪುಸ್ತಿಕೆ. ಎರಡು, 1967ರ ಜಿಲ್ಲಾ ಚರಿತ್ರೆ, ಅದರ ಅಡಿಟಿಪ್ಪಣಿಯಲ್ಲಿ ತಮ್ಮ ಪುಸ್ತಿಕೆ. ಮೂರು, ಒಂದು ಪತ್ರಿಕೆಯ ಲೇಖನ, ಅದರ ಕೊನೆಯಲ್ಲೂ ತಮ್ಮ ಪುಸ್ತಿಕೆ. ನಾಲ್ಕು, ವಸ್ತುಸಂಗ್ರಹಾಲಯದ ಫಲಕ, ಅದನ್ನು ಬರೆದವರನ್ನು ಕೇಳಿದರೆ "ಟಲ್ಲೊಕ್ ಮೇಡಂ ಪುಸ್ತಕ ಇದ್ಯಲ್ಲ" ಎಂದರು. ಒಂದೇ ಬಾವಿಯ ನೀರನ್ನು ನಾಲ್ಕು ಕೊಡಗಳಲ್ಲಿ ತುಂಬಿಟ್ಟ ಹಾಗಿದೆ. ಊರಿನ ವಾರಪತ್ರಿಕೆಯ ಹಳೆಯ ಸಂಚಿಕೆಗಳು 1938ರ ಬೆಂಕಿಯಲ್ಲಿ ಹೋದವಂತೆ. ಪಕ್ಕದ ಊರಿನ ಪತ್ರಿಕೆಯಲ್ಲಿ ಒಂದೇ ಸಾಲು ಸಿಕ್ಕಿತು: "ಕೆಲ್ಬ್ರೂಕಿನಲ್ಲಿ ಪಂದ್ಯ ನೋಡಲು ಜನ ಕಿಕ್ಕಿರಿದಿದ್ದರು." ಅದು ಐದು.

ಎರಡು ಪ್ರಶ್ನೆಗಳಿವೆ. ಅಂಕ ತಮಗೆ ಯಾವ ಆಕರದಿಂದ ಸಿಕ್ಕಿತು? ತಂಡದ ಪಟ್ಟಿಯಲ್ಲಿರುವ ಗೋಲ್ ಕೀಪರ್ "ಪಿ. ಮಿಲ್ಲರ್" ಯಾರು? ಚರ್ಚುಗಳ ದಾಖಲೆ ನೋಡಿದೆ, ಸ್ಮಶಾನದ ಕಲ್ಲುಗಳನ್ನೂ ಓದಿಕೊಂಡು ಬಂದೆ. ಕೆಲ್ಬ್ರೂಕಿನಲ್ಲಿ ಮಿಲ್ಲರ್ ಎಂಬ ಮನೆತನವೇ ಇರಲಿಲ್ಲ. ಆಕೆ ಬದುಕಿದ್ದರೆ ಮಾತಾಡಿಸಬೇಕೆಂದಿದೆ. ಆರನೆಯ ಆಕರ ಆಕೆಯೇ ಆದರೆ ಎಷ್ಟು ಚೆನ್ನ.

ಈ ಪತ್ರದಲ್ಲಿ "ಮತ್ತು" ಒಂದು ಕಡೆ ಮಾತ್ರ ಇದೆ, ಅದೂ ಉದ್ಧರಣ ಚಿಹ್ನೆಯೊಳಗೆ.

ವಿಧೇಯ,
ನೆಸ್ಟರ್


ಕೆಲ್ಬ್ರೂಕ್
7 ನವೆಂಬರ್ 1983

ಮಾನ್ಯ ಮಿಸ್ ಟಲ್ಲೊಕ್,

ಎರಡು ವಾರದಿಂದ ಅಂಚೆಪೆಟ್ಟಿಗೆ ತೆರೆದು ನೋಡುತ್ತಿದ್ದೇನೆ. ನನ್ನ ಪ್ರಶ್ನೆಗಳಲ್ಲಿ ಉದ್ಧಟತನವೇನಾದರೂ ಇದ್ದರೆ ಅದು ಉದ್ದೇಶದ್ದಲ್ಲ, ಅಭ್ಯಾಸದ್ದು. ಬಸ್ಸಿನಲ್ಲಿ ಮಕ್ಕಳನ್ನು ಕೇಳಿ ಕೇಳಿ ನನ್ನ ಮಾತೇ ಹಾಗಾಗಿದೆ. ಸ್ಮಶಾನದ ಮಾತು ಬರೆಯಬಾರದಿತ್ತೇನೋ.

ಮೊದಲ ಕರಡು ಮುಗಿಯಿತು. ಬೆಳಿಗ್ಗೆ ಮಕ್ಕಳನ್ನು ಇಳಿಸಿ ಸಂಜೆ ಹತ್ತಿಸಿಕೊಳ್ಳುವವರೆಗೆ ಬಸ್ಸು ಶಾಲೆಯ ಹಿಂದೆ ನಿಂತಿರುತ್ತದೆ. ಅದರಲ್ಲೇ ಕೂತು ಬರೆದೆ. ಸ್ಟಿಯರಿಂಗಿನ ಮೇಲೊಂದು ಹಲಗೆ, ಹಲಗೆಯ ಮೇಲೆ ಕಾಗದ. ಹಿಮ ಬೀಳತೊಡಗಿದೆ, ಶಾಯಿ ಹೆಪ್ಪುಗಟ್ಟುತ್ತದೆ. ಮೂರು ಸಾಲು ಬರೆದು ಪೆನ್ನನ್ನು ಕಂಕುಳಲ್ಲಿಟ್ಟುಕೊಂಡು ನಾಲ್ಕನೆಯದನ್ನು ಯೋಚಿಸುತ್ತೇನೆ. ಯೋಚಿಸಲು ಅಷ್ಟು ಸಮಯ ಸಿಕ್ಕಿದ್ದು ಒಳ್ಳೆಯದೇ ಆಯಿತು. ಮೊದಲ ಪುಟವನ್ನು ಹನ್ನೊಂದು ಸಲ ಬರೆದೆ. ಎರಡನೆಯದನ್ನು ಆರು ಸಲ. ಮೂರನೆಯ ಪುಟದಿಂದ ಅದಾಗಿಯೇ ಓಡತೊಡಗಿತು, ಇಳಿಜಾರಿನಲ್ಲಿ ಬ್ರೇಕು ಬಿಟ್ಟಂತೆ. ಇಷ್ಟು ಸಂತೋಷ ಬರೆಯುವುದರಲ್ಲಿ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಸೋತರೂ ತಲೆಯೆತ್ತಿ ನಿಂತ ತಂಡ ಎಂಬುದೇ ನನ್ನ ವಾದ. ಆಕರಗಳು ಐದೇ ಇವೆ. ಆರನೆಯದಕ್ಕೆ ಜಾಗ ಬಿಟ್ಟಿದ್ದೇನೆ.

ನೆಸ್ಟರ್


ವಿಕ್ಟೋರಿಯಾ
16 ನವೆಂಬರ್ 1983

ಶ್ರೀ ಪಲಮಾರ್ಚುಕ್,

ನಿಮ್ಮ ಕರಡನ್ನು ಎರಡು ಬಾರಿ ಓದಿದೆ. ಪೆನ್ಸಿಲಿನಲ್ಲಿ ಗುರುತು ಮಾಡಿ ಹಿಂದಿರುಗಿಸುತ್ತಿದ್ದೇನೆ. ಮೂರನೆಯ ಪುಟ ಚೆನ್ನಾಗಿದೆ. ಕೆರೆಯ ಮಂಜುಗಡ್ಡೆಯನ್ನು ಗೋಣಿತಾಟು ಎಳೆದು ನುಣುಪು ಮಾಡುತ್ತಿದ್ದುದನ್ನು ಬರೆದಿದ್ದೀರಿ. ಅದು ನನ್ನ ಪುಸ್ತಿಕೆಯಲ್ಲಿಲ್ಲ. ಅದಕ್ಕೆ ಅಡಿಟಿಪ್ಪಣಿಯೂ ಇಲ್ಲ. ಯಾರು ಹೇಳಿದ್ದು?

ಐದನೆಯ ಪುಟ. "ತಂಡ ಗೆದ್ದಿತೆಂಬ ಕಟ್ಟುಕತೆಯೂ ಕೆಲವು ಮನೆಗಳಲ್ಲಿದೆ, ವಯಸ್ಸಾದವರ ನೆನಪನ್ನು ನಂಬುವಂತಿಲ್ಲ." ಯಾವ ಮನೆಗಳು? ಯಾವ ವಯಸ್ಸಾದವರು? ಇದನ್ನು ತೆಗೆದುಹಾಕಿ, ಇಲ್ಲವೇ ಹೆಸರು ಕೊಡಿ.

ಒಂದು ಮಾತು ನೇರವಾಗಿ ಹೇಳುತ್ತೇನೆ. ನಿಮಗೆ ಏನಾದರೂ ತಿಳಿದುಬಂದಿದ್ದರೆ ನೇರವಾಗಿ ಕೇಳಿ. ಮಿಲ್ಲರ್ ಯಾರು, ಅಂಕ ಎಲ್ಲಿಯದು ಎಂದು ಬಳಸಿ ಬಳಸಿ ಕೇಳಿ ಎಪ್ಪತ್ತೈದು ವರ್ಷದ ಹೆಂಗಸನ್ನು ಪರೀಕ್ಷೆ ಮಾಡಬೇಡಿ. ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಅದರ ಎಲ್ಲ ಉಪಾಯಗಳೂ ನನಗೆ ಗೊತ್ತು.

ಎ. ಟಲ್ಲೊಕ್


ಕೆಲ್ಬ್ರೂಕ್
25 ನವೆಂಬರ್ 1983

ಮಾನ್ಯ ಮಿಸ್ ಟಲ್ಲೊಕ್,

ತಮ್ಮನ್ನು ಪರೀಕ್ಷಿಸುವಷ್ಟು ಬುದ್ಧಿ ನನಗಿದ್ದಿದ್ದರೆ ಈ ವಯಸ್ಸಿನಲ್ಲಿ ಕಾಲೇಜಿಗೆ ಸೇರುತ್ತಿರಲಿಲ್ಲ. ನನಗೆ ಏನೂ ತಿಳಿದುಬಂದಿಲ್ಲ. ತಿಳಿದಿದ್ದ ಒಂದನ್ನು ಮುಚ್ಚಿಟ್ಟಿದ್ದೆ, ನಾಚಿಕೆಯಿಂದ.

ಕರಡು ನಿನ್ನೆ ಮಿಸೆಸ್ ಡ್ರಮಂಡರ ಕೈಯಿಂದ ಹಿಂದಿರುಗಿತು. ಅವರೂ ಐದನೆಯ ಪುಟದಲ್ಲೇ ನಿಂತಿದ್ದಾರೆ. ಕೆಂಪು ಶಾಯಿಯಲ್ಲಿ ಬರೆದದ್ದು ಹೀಗೆ: "ವಯಸ್ಸಾದವರ ನೆನಪು ನಂಬಲರ್ಹವಲ್ಲ, ಆದರೆ ಅಚ್ಚಾದದ್ದೆಲ್ಲ ನಂಬಲರ್ಹ. ಏಕೆ? ಇನ್ನು ಎರಡು ಮೂರು ವಾರ ಕೊಡುತ್ತೇನೆ. ಆ ಮನೆಗೆ ಹೋಗಿ ಬನ್ನಿ." ತರಗತಿ ಮುಗಿದ ಮೇಲೆ ಬಾಗಿಲಲ್ಲಿ ನಿಲ್ಲಿಸಿ, "ದೂರ ಆಗುತ್ತಾ ಆ ಮನೆ?" ಎಂದು ಕೇಳಿದರು. "ಇಲ್ಲ ಮೇಡಂ, ನಮ್ಮ ಅಡುಗೆಮನೆ" ಎಂದೆ.

ಆ ವಯಸ್ಸಾದವಳು ನನ್ನ ತಾಯಿ, ಪರಸ್ಕ. ಎಪ್ಪತ್ತೊಂದು ವರ್ಷ. ನಮ್ಮ ಜೊತೆಯಲ್ಲೇ ಇದ್ದಾಳೆ. ಅಪ್ಪ ಹೋಗಿ ಆರು ವರ್ಷವಾಯಿತು. ನಾನು ಚಿಕ್ಕವನಿದ್ದಾಗಿನಿಂದ ಅವಳು ಒಂದು ಮಾತು ಹೇಳುತ್ತಿದ್ದಳು: ಮದುವೆಗೆ ಮುಂಚೆ ಕೆಲ್ಬ್ರೂಕಿನಲ್ಲಿ ಹಾಕಿ ಆಡುತ್ತಿದ್ದಳಂತೆ, ಎರಡು ದಪ್ಪ ಕ್ಯಾಟಲಾಗುಗಳನ್ನು ಕಾಲಿಗೆ ಕಟ್ಟಿಕೊಂಡು ಗೋಲಿನಲ್ಲಿ ನಿಂತಿದ್ದಳಂತೆ, ಗಂಡಸರನ್ನು ಸೋಲಿಸಿದರಂತೆ. ಅವಳ ಎಡಗೈಯ ಕಿರುಬೆರಳು ಸೊಟ್ಟಗಿದೆ. ಆ ಪಂದ್ಯದ್ದು ಎನ್ನುತ್ತಾಳೆ. ಅಪ್ಪ "ಅದು ಕೊಟ್ಟಿಗೆ ಬಾಗಿಲಿಗೆ ಸಿಕ್ಕಿದ್ದು ಕಣೇ" ಎನ್ನುತ್ತಿದ್ದ.

1955ರಲ್ಲಿ ತಮ್ಮ ಪುಸ್ತಿಕೆ ಬಂತು. ಅಪ್ಪ ಒಂದು ಪ್ರತಿ ತಂದು ಊಟದ ಮೇಜಿನ ಮೇಲೆ ಬಿಚ್ಚಿಟ್ಟ. "ನೋಡು, ಸೋತರು ಅಂತ ಬರ್ದಿದೆ. ನಿನ್ನ ಹೆಸರೂ ಇಲ್ಲ. ಯಾರೋ ಮಿಲ್ಲರ್ ಅಂತೆ." ನನಗಾಗ ಹದಿನೈದು ವರ್ಷ. ಎಲ್ಲರೂ ನಕ್ಕೆವು. ಅವಳು "ಪುಸ್ತಕ ಬರೆದೋರು ಮರ್ತಿರ್ಬೇಕು" ಎಂದು ಪೆರೊಗಿ ಕಡುಬಿನ ತಟ್ಟೆ ಮುಂದೆ ತಳ್ಳಿದಳು. ಆಮೇಲೆ ಹಾಕಿಯ ಮಾತು ಬಂದಾಗಲೆಲ್ಲ ಅಪ್ಪ ಪುಸ್ತಕದ ಕಪಾಟಿನ ಕಡೆ ಕೈ ತೋರಿಸುವುದು, ನಾವು ನಗುವುದು, ಮನೆಯ ರೂಢಿಯಾಯಿತು. ಕ್ರಮೇಣ ಅವಳು ಹೇಳುವುದನ್ನೇ ಬಿಟ್ಟಳು.

ಈ ವಿಷಯ ಆರಿಸಿಕೊಂಡದ್ದು ಅದಕ್ಕೇ. ಕನಿಷ್ಠ ಅವಳು ಪಂದ್ಯ ನೋಡಲಾದರೂ ಹೋಗಿದ್ದಳು ಎಂದು ಸಾಬೀತು ಮಾಡಿದರೆ ಸಂತೋಷಪಟ್ಟಾಳು ಎಂದುಕೊಂಡಿದ್ದೆ. ಗೋಣಿತಾಟಿನ ಮಾತು ಹೇಳಿದ್ದು ಅವಳೇ. ಅಡಿಟಿಪ್ಪಣಿ ಹಾಕಲು ನನಗೆ ಧೈರ್ಯ ಬರಲಿಲ್ಲ. ಬಸ್ಸು ಓಡಿಸುವವನು ತಾಯಿಯನ್ನೇ ಆಕರ ಮಾಡಿದ ಎಂದು ನಗುತ್ತಾರೆಂದು ಹೆದರಿದೆ.

ಅವಳ ತವರಿನ ಹೆಸರು ಮೆಲ್ನಿಕ್. ತಮಗೆ ನೆನಪಿರುವ ಸಾಧ್ಯತೆ ಇದೆಯೇ?

ನೆಸ್ಟರ್


ವಿಕ್ಟೋರಿಯಾ
2 ಡಿಸೆಂಬರ್ 1983

ಪ್ರಿಯ ನೆಸ್ಟರ್,

ನೆನಪಿದೆ.

ನಿನ್ನನ್ನು ಇನ್ನು "ನೀವು" ಎನ್ನಲಾರೆ. ಪರಸ್ಕಳ ಮಗನಿಗೆ ಬಹುವಚನ ಹಚ್ಚಿ ಬಚಾವಾಗಲು ನೋಡಿದ ಹಾಗಾಗುತ್ತದೆ.

ಪಿ. ಮಿಲ್ಲರ್ ನಿನ್ನ ತಾಯಿ. 1932ರಲ್ಲಿ ಕ್ರೀಡಾಂಗಣದ ಸಮಿತಿಯವರು ಉಕ್ರೇನಿನಿಂದ ವಲಸೆ ಬಂದ ಮನೆಗಳ ಹುಡುಗಿಯರನ್ನು ತಂಡಕ್ಕೆ ಸೇರಿಸಲು ಒಪ್ಪುತ್ತಿರಲಿಲ್ಲ. ನಾನೇ ಹೆಸರು ಬದಲಿಸಿದೆ. ಅವಳು ನಕ್ಕು, "ಮೆಲ್ನಿಕ್ ಅಂದ್ರೂ ಗಿರಣಿಯೋರು, ಮಿಲ್ಲರ್ ಅಂದ್ರೂ ಗಿರಣಿಯೋರೇ. ಹಿಟ್ಟು ಒಂದೇ ತಾನೆ?" ಎಂದಳು. ಟೋಪಿ, ಮುಖ ಮುಚ್ಚುವ ಮಫ್ಲರು. ಯಾರಿಗೂ ಗುರುತು ಸಿಗಲಿಲ್ಲ. ಆ ಸುಳ್ಳಿಗೆ ನಾನು ನಾಚುವುದಿಲ್ಲ. ಪುಸ್ತಿಕೆಯಲ್ಲೂ ಅದೇ ಹೆಸರನ್ನು ಬಿಟ್ಟದ್ದಕ್ಕೆ ನಾಚುತ್ತೇನೆ.

ನಾವು ಗೆದ್ದೆವು, ನೆಸ್ಟರ್. ನಾಲ್ಕು ನಮಗೆ, ಮೂರು ಅವರಿಗೆ. ಕೊನೆಯ ನಿಮಿಷದಲ್ಲಿ ಗಂಡಸರ ನಾಯಕ ಆಲ್ವಿನ್ ರಸ್ಕ್ ಒಬ್ಬನೇ ನುಗ್ಗಿ ಬಂದು ಪಕ್ಕನ್ನು ಬೀಸಿ ಹೊಡೆದ. ಆ ರಬ್ಬರಿನ ಬಿಲ್ಲೆ ಅವಳ ಎಡಗೈಗೆ ಬಡಿದದ್ದು ಆಚೆ ದಡದವರೆಗೂ ಕೇಳಿಸಿತು. ಬೆರಳು ಮುರಿದದ್ದು ಆಗಲೇ. ಪಂದ್ಯ ಮುಗಿದ ಮೇಲೆ ಅವಳು ಮಫ್ಲರು ಬಿಚ್ಚಿದಳು. ಅವಳು ರಸ್ಕನ ಮನೆಯಲ್ಲೇ ಅಡುಗೆಗೆ ಇದ್ದವಳು.

1955ರಲ್ಲಿ ರಸ್ಕ್ ಉತ್ಸವ ಸಮಿತಿಯ ಅಧ್ಯಕ್ಷ. ಶಾಲಾ ಮಂಡಳಿಗೂ ಅವನೇ. ಪುಸ್ತಿಕೆಯ ಹಸ್ತಪ್ರತಿ ಓದಿ, ಆ ಪುಟದ ಮೇಲೆ ಬೆರಳಿಟ್ಟು, "ನಾಲ್ಕು ಮೂರು ಅಂತಿರ್ಲಿ ಆಗ್ನೆಸ್. ನಾಲ್ಕು ಯಾರ್ದು ಅಂತ ಈಗ ಯಾರು ಕೇಳ್ತಾರೆ? ಅವತ್ತಿದ್ದೋರಲ್ಲಿ ಅರ್ಧ ಜನ ಊರು ಬಿಟ್ರು, ಇನ್ನರ್ಧ ಮರ್ತ್ರು" ಎಂದ. ಬೆದರಿಸಲಿಲ್ಲ. ಕೆಲಸದ ಮಾತೆತ್ತಲಿಲ್ಲ. ಬೆದರಿಸಿದ್ದರೆ ಹಟ ಹಿಡಿಯುತ್ತಿದ್ದೆ. ಅವನು ನಗುತ್ತಾ ಕೇಳಿದ, ನಾನು ನಗುತ್ತಾ ಎರಡು ಪದ ಬದಲಿಸಿದೆ. ಮಕ್ಕಳ ಬರಹದಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ಬಿಡದವಳು ನಾನು.

ಸುಳ್ಳು ಯಾರಿಗೂ ತಗಲುವುದಿಲ್ಲ ಎಂದುಕೊಂಡಿದ್ದೆ. ಒಂದು ಊಟದ ಮೇಜಿನ ಮೇಲೆ ಅದು ಇಪ್ಪತ್ತೆಂಟು ವರ್ಷ ಬಿಚ್ಚಿಕೊಂಡಿತ್ತು ಎಂದು ನಿನ್ನ ಪತ್ರದಿಂದ ತಿಳಿಯಿತು.

ಇದರ ಜೊತೆ ಒಂದು ಹಾಳೆ ಇದೆ. ಪಂದ್ಯದ ಅಂಕ ಬರೆದುಕೊಂಡ ಪಾದ್ರಿಯವರ ಕೈಬರಹ, ತಾರೀಖಿನೊಂದಿಗೆ. ಐವತ್ತೊಂದು ವರ್ಷ ನನ್ನ ಪ್ರಾರ್ಥನಾ ಪುಸ್ತಕದೊಳಗಿತ್ತು. ಇನ್ನು ಅದರ ಜಾಗ ಕೆಲ್ಬ್ರೂಕ್. ಈ ಪತ್ರವನ್ನೂ ಆಕರವಾಗಿ ಬಳಸು. ನನ್ನ ಹೆಸರು ಪೂರ್ತಿಯಾಗಿ ಹಾಕು.

ಅವಳಿಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ಮೂರು ಸಲ ಬರೆದು ಹರಿದೆ. ನೀನೇ ಓದಿ ಹೇಳು.

ಆಗ್ನೆಸ್ ಟಲ್ಲೊಕ್


ಕೆಲ್ಬ್ರೂಕ್
14 ಡಿಸೆಂಬರ್ 1983

ಪ್ರಿಯ ಮಿಸ್ ಟಲ್ಲೊಕ್,

ತಮ್ಮ ಪತ್ರ ಗುರುವಾರ ಮಧ್ಯಾಹ್ನ ಬಂತು. ಬಸ್ಸಿನಲ್ಲೇ ಓದಿದೆ. ಸಂಜೆ ಮಕ್ಕಳನ್ನು ಇಳಿಸುತ್ತಾ ಒಬ್ಬಳನ್ನು ಅವಳ ಮನೆ ದಾಟಿಸಿ ಮುಂದೆ ಕರೆದುಕೊಂಡು ಹೋಗಿದ್ದೆ. ಹನ್ನೊಂದು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು.

ಅಮ್ಮ ಬೀಟ್‌ರೂಟ್ ಹೆಚ್ಚುತ್ತಿದ್ದಳು. ಎದುರು ಕೂತು ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಗೆದ್ದೆವು ಎಂಬ ಸಾಲನ್ನು ಎರಡು ಸಲ ಓದಿದೆ. ಅವಳು ಚಾಕು ನಿಲ್ಲಿಸಲಿಲ್ಲ. ನಾನು, "ಅಮ್ಮಾ, ನೀವು ಗೆದ್ದಿದ್ರಂತೆ" ಎಂದೆ.

"ನಂಗೊತ್ತು ಕಣೋ," ಎಂದಳು, "ನಾನಲ್ಲೇ ಇದ್ನಲ್ಲ."

ನಾನು ನಕ್ಕೆ. ಆಮೇಲೆ ನಗು ಬೇರೆ ಏನೋ ಆಯಿತು. ಅವಳು ಕೆಂಪಗಾಗಿದ್ದ ಕೈಯನ್ನು ಏಪ್ರನ್ನಿಗೆ ಒರೆಸಿ ನನ್ನ ತಲೆಯ ಮೇಲಿಟ್ಟಳು. ಅಪ್ಪನ ಜೊತೆ ಸೇರಿಕೊಂಡು ನಗುತ್ತಿದ್ದುದಕ್ಕೆ ಕ್ಷಮಿಸು ಎಂದೆ. "ನಿಮ್ಮಪ್ಪ ಸ್ಕೇಟ್ಸ್ ಮೇಲೆ ನಿಲ್ಲೋಕೂ ಬರ್ದೋನು. ಪಾಪ, ನಗ್ಲಿ ಅಂತ ಬಿಟ್ಟಿದ್ದೆ. ನಿನ್ನ ಮೇಲೆ ಒಂಚೂರು ಸಿಟ್ಟಿತ್ತು. ಈಗಿಲ್ಲ" ಎಂದಳು.

ತಮಗೆ ಅವಳು ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ. ಅಡಿಟಿಪ್ಪಣಿಯ ಅಭ್ಯಾಸ ಆಗಿದೆಯಲ್ಲ. "ಆಗ್ನೆಸ್‌ಗೆ ಬರಿ. ನೀನು ಹೆಸರು ಬದ್ಲಾಯಿಸಿದ್ದಕ್ಕೇ ನಾನು ಆಡಿದ್ದು, ಅದು ಮರ್ತಿಲ್ಲ ಅಂತ ಬರಿ. ಪುಸ್ತಕದಲ್ಲಿ ಹಂಗೆ ಬರ್ದಿದ್ದು ತಪ್ಪು, ಬೇಜಾರಾಗಿತ್ತು, ಅದನ್ನೂ ಬರಿ. ಆದ್ರೆ ಪಂದ್ಯ ಆದ್ಮೇಲೆ ಮೂರು ವಾರ ಆ ರಸ್ಕು, ನಾನು ಸೂಪ್ ಬಡಿಸ್ತಿದ್ರೆ ತಲೆ ಎತ್ತಿ ನನ್ನ ಮುಖ ನೋಡ್ತಿರ್ಲಿಲ್ಲ. ಬೆರಳಿಗೆ ಪಟ್ಟಿ ಕಟ್ಕೊಂಡೇ ಬಡಿಸ್ತಿದ್ದೆ, ಬೇಕಂತ. ಅಂಥ ರುಚಿ ಯಾವ ಪುಸ್ತಕದಲ್ಲಿದೆ?"

ಮಾರನೆಯ ದಿನದಿಂದ ಕರಡನ್ನು ಬಿಚ್ಚಿ ಮತ್ತೆ ಕಟ್ಟಿದೆ. ಸೋತರೂ ತಲೆಯೆತ್ತಿ ನಿಂತರು ಎಂಬ ವಾದ ಹೋಯಿತು. ಗೆದ್ದದ್ದು ಹೇಗೆ ಸೋಲಾಗಿ ಅಚ್ಚಾಯಿತು, ಅಚ್ಚಾದದ್ದನ್ನು ಮೂರು ಕಡೆ ಹೇಗೆ ನಕಲು ಮಾಡಿದರು ಎಂಬುದೇ ಈಗ ಪ್ರಬಂಧ. ರಸ್ಕನನ್ನು ಬೈದು ಒಂದು ಪುಟ ಬರೆದಿದ್ದೆ, ತೆಗೆದೆ. ನಮ್ಮ ಮನೆಯ ಊಟದ ಮೇಜನ್ನು ಮಾತ್ರ ಇಟ್ಟುಕೊಂಡೆ. ಆಕರಗಳು ಎಂಟಾದವು. ಆರನೆಯದು ಹೀಗಿದೆ: "ಪರಸ್ಕ ಪಲಮಾರ್ಚುಕ್, ಹುಟ್ಟು ಹೆಸರು ಮೆಲ್ನಿಕ್, ಗೋಲ್ ಕೀಪರ್. ಲೇಖಕನೊಂದಿಗೆ ಮಾತುಕತೆ, ಕೆಲ್ಬ್ರೂಕ್, 8 ಡಿಸೆಂಬರ್ 1983." ಏಳನೆಯದು ತಮ್ಮ ಪತ್ರ, ಎಂಟನೆಯದು ಪಾದ್ರಿಯವರ ಹಾಳೆ.

ನಿನ್ನೆ ಪ್ರಬಂಧಗಳನ್ನು ಗಟ್ಟಿಯಾಗಿ ಓದುವ ದಿನ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ನಾನು ಓದಿ ಮುಗಿಸಿದೆ. ಆಮೇಲೆ ನನ್ನ ಪಕ್ಕದ ಹುಡುಗಿಯರಲ್ಲಿ ಒಬ್ಬಳು ಹಿಂದೆ ತಿರುಗಿ, "ಅಜ್ಜಿ, ಆ ಕೊನೇದನ್ನ ಹೇಗೆ ಹಿಡಿದ್ರಿ?" ಎಂದು ಕೇಳಿದಳು. ಅಮ್ಮ ಎದ್ದಳು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮೂಲೆಯಲ್ಲಿದ್ದ ಪೊರಕೆ ಹಿಡಿದು, ಮಂಡಿ ಬಗ್ಗಿಸಿ, ಬಾಗಿಲಿಗೆ ಅಡ್ಡ ನಿಂತು, "ಅವನ ಕೋಲು ನೋಡ್ಲಿಲ್ಲ. ದಿನಾ ನೋಡೋ ಮನುಷ್ಯ. ಸುಳ್ಳು ಹೇಳೋಕೆ ಮುಂಚೆ ಎಡಗಡೆ ನೋಡ್ತಾನೆ ಅಂತ ಗೊತ್ತಿತ್ತು. ಎಡಗಡೆ ನೋಡ್ದ, ನಾನು ಅವನ ಬಲಗಡೆಗೆ, ಅಂದ್ರೆ ನನ್ನ ಎಡಕ್ಕೆ, ಬಿದ್ದೆ" ಎಂದಳು. ತರಗತಿಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಿಸೆಸ್ ಡ್ರಮಂಡ್ ಕನ್ನಡಕ ತೆಗೆದು ಒರೆಸಿಕೊಂಡರು. ಜನವರಿಯ ತರಗತಿಗೆ ನನ್ನ ಹೆಸರು ಬರೆದುಕೊಂಡಿದ್ದಾರೆ.

ಪ್ರಬಂಧದ ಪ್ರತಿ ಇದರೊಳಗಿದೆ. ಎಂಟನೆಯ ಪುಟವನ್ನು ಸಂತೋಷದಲ್ಲಿ ಬರೆದೆ. ಪಾದ್ರಿಯವರ ಹಾಳೆಯಲ್ಲಿ ನಾಲ್ಕನೆಯ ಗೋಲಿನ ಎದುರು "ಟಲ್ಲೊಕ್" ಎಂದಿದೆ. ಆದ್ದರಿಂದ "ನಾಯಕಿ ಟಲ್ಲೊಕ್ ಮಿಂಚಿನಂತೆ ನುಗ್ಗಿ, ಇಬ್ಬರನ್ನು ದಾಟಿ, ಗೆಲುವಿನ ಗೋಲು ಹೊಡೆದರು" ಎಂದು ಬರೆದಿದ್ದೇನೆ.

ಅಮ್ಮ ಕೇಳುತ್ತಿದ್ದಾಳೆ, ಬೇಸಿಗೆಯಲ್ಲಿ ಬರುತ್ತೀರಾ ಎಂದು.

ನಿಮ್ಮ ನೆಸ್ಟರ್


ವಿಕ್ಟೋರಿಯಾ
21 ಡಿಸೆಂಬರ್ 1983

ಪ್ರಿಯ ನೆಸ್ಟರ್,

ಜೂನ್ ಎಂಟಕ್ಕೆ ರೈಲು. ಪರಸ್ಕಳಿಗೆ ಹೇಳು. ಉಳಿದದ್ದನ್ನು ಅವಳ ಎದುರು ನಿಂತು ಹೇಳುತ್ತೇನೆ.

ಪುಸ್ತಿಕೆಯ ತಪ್ಪೊಪ್ಪಿಗೆಯನ್ನು ಅಚ್ಚು ಹಾಕಿಸಿ ಗ್ರಂಥಾಲಯಕ್ಕೂ ವಸ್ತುಸಂಗ್ರಹಾಲಯಕ್ಕೂ ಕಳಿಸಿದ್ದೇನೆ. ನಾನಿರುವ ಈ ವೃದ್ಧರ ಮನೆಯ ಊಟದ ಕೋಣೆಯಲ್ಲಿ ನಿನ್ನ ಪ್ರಬಂಧವನ್ನು ಭಾನುವಾರ ಗಟ್ಟಿಯಾಗಿ ಓದಿದೆ. ಅಡಿಟಿಪ್ಪಣಿಗಳನ್ನೂ ಬಿಡಲಿಲ್ಲ. ಒಬ್ಬ ನಿವೃತ್ತ ನ್ಯಾಯಾಧೀಶರು ಎರಡನೆಯ ಸಲ ಓದಿಸಿದರು.

ಎಂಟನೆಯ ಪುಟವನ್ನು ಮಾತ್ರ ತಿದ್ದಬೇಕು. ನಾನು ಮಿಂಚಿನಂತೆ ನುಗ್ಗಲಿಲ್ಲ. ಯಾರನ್ನೂ ದಾಟಲಿಲ್ಲ. ಗೋಲಿನ ಮುಂದೆ ಕಾಲು ಜಾರಿ ಬೋರಲು ಬಿದ್ದಿದ್ದೆ. ಯಾರೋ ಹೊಡೆದ ಪಕ್ಕು ನನ್ನ ಬೆನ್ನಿಗೆ, ನಿಜ ಹೇಳಬೇಕೆಂದರೆ ಬೆನ್ನಿಗಿಂತ ಸ್ವಲ್ಪ ಕೆಳಗೆ, ಬಡಿದು ಒಳಗೆ ಹೋಯಿತು. ಎದ್ದು ನೋಡುವಷ್ಟರಲ್ಲಿ ಎಲ್ಲರೂ ನನ್ನ ಮೇಲೆ ಬಿದ್ದು ಕುಣಿಯುತ್ತಿದ್ದರು.

ಹಾಗೆಯೇ ಬರಿ. ಆಕರ: ನಾನು.

ಆಗ್ನೆಸ್